ಭಾನುವಾರದ ಮೂಲೆ

ಯಾಂಗೋನ್ ನಗರಕ್ಕೆ ಕಾಲಿಟ್ಟು ಗಂಟೆಯೂ ಆಗಿರಲಿಲ್ಲ, ಥೇಂಗಿಗೆ ಆಗಲೇ ಆ ಊರನ್ನು ಕಂಡರೆ ಮೈ ಉರಿಯತೊಡಗಿತ್ತು. ಕೋಳಿ ಕೂಗುವ ಮೊದಲೇ ಪ್ಯೇ ಪಟ್ಟಣದಲ್ಲಿ ಬಸ್ಸು ಹತ್ತಿ, ಆರು ಗಂಟೆ ಮೊಣಕಾಲು ಮಡಚಿಕೊಂಡು ಕೂತು ಬಂದವರು ಊರೊಳಗೆ ಹೋಗಲು ಬಾಡಿಗೆ ಕಾರು ಹತ್ತಿದರೆ, ಅದು ಹತ್ತು ಮಾರು ಹೋಗುವುದು, ನಿಲ್ಲುವುದು. ಮತ್ತೆ ಹತ್ತು ಮಾರು, ಮತ್ತೆ ನಿಲ್ಲುವುದು. ಅಷ್ಟು ಅಗಲದ ರಸ್ತೆಯಲ್ಲಿ ಒಂದೇ ಒಂದು ಬೈಕಿಲ್ಲ. ಅವಳ ಹಳ್ಳಿಯಲ್ಲಿ ಕೊತ್ತಂಬರಿ ಸೊಪ್ಪು ತರಲೂ ಬೈಕಿನಲ್ಲೇ ಹೋಗುತ್ತಾರೆ. ಕೇಳಿದರೆ, ಈ ಊರಲ್ಲಿ ಬೈಕು ಓಡಿಸುವ ಹಾಗಿಲ್ಲ ತಾಯಿ ಎಂದ ಡ್ರೈವರು. ಬೈಕು ಬಿಟ್ಟು ನೀವು ಉದ್ಧಾರವಾಗಿರೋದು ಕಾಣ್ತಾ ಇದೆ ಎಂದು ಥೇಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹಿಂದಿನ ಸೀಟಿನಲ್ಲಿ ಅವಳ ಗೆಳತಿಯರಿಬ್ಬರೂ ನಕ್ಕರು. ಓನ್ ಚಿ ಎಲ್ಲರಿಗಿಂತ ಹಿರಿಯಳು, ಐವತ್ತು ದಾಟಿದವಳು, ಮಗನ ಫೋನು ಹಿಡಿದುಕೊಂಡು ಕಂಡಕಂಡದ್ದನ್ನೆಲ್ಲ ಫೋಟೊ ತೆಗೆಯುತ್ತಿದ್ದಳು. ಪ್ಯೋನ್ ಕಿರಿಯಳು, ಮೆತ್ತಗಿನವಳು, ಊರಿನಿಂದಲೇ ಕಟ್ಟಿ ತಂದ ಅನ್ನ, ಹುರಿದ ಮೀನಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂವರೂ ಒಂದೇ ಚುಟ್ಟದ ಸಾಲೆಯಲ್ಲಿ ಮೂವತ್ತು ವರ್ಷದಿಂದ ಒಂದೇ ಚಾಪೆಯ ಮೇಲೆ ಕೂತು ಚುಟ್ಟ ಸುತ್ತಿದವರು. ಒಟ್ಟಿಗೆ ಯಾಂಗೋನ್ ನೋಡಬೇಕು, ಶ್ವೆಡಗೋನ್ ಗೋಪುರಕ್ಕೆ ಕೈಮುಗಿಯಬೇಕು ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡೇ ಬಂದಿದ್ದರು. ಒಂದು ವರ್ಷ ಹೊಳೆ ಬಂತು, ಇನ್ನೊಂದು ವರ್ಷ ಹೆರಿಗೆ ಬಂತು, ಮತ್ತೊಂದು ವರ್ಷ ಸಾವು ಬಂತು. ಅಂತೂ ಈ ವರ್ಷ ಹೊರಟಿದ್ದರು.

ಥೇಂಗಿಗೆ ನಲವತ್ತೇಳು. ದಿನಕ್ಕೆ ಸಾವಿರ ಚುಟ್ಟ ಸುತ್ತುವ ಕೈ, ಸಾಲೆಯ ಯಜಮಾನನೂ ಹೆದರುವ ಬಾಯಿ. ಶುಕ್ರವಾರ ಹುಟ್ಟಿದವರಿಗೆ ಬಾಯಿ ಜಾಸ್ತಿ ಎಂದು ನಮ್ಮಲ್ಲಿ ಹೇಳುವುದುಂಟು, ಅವಳು ಹುಟ್ಟಿದ್ದೂ ಶುಕ್ರವಾರವೇ. ಮದುವೆಯಾಗಲಿಲ್ಲ. ಅತ್ತಿಗೆ ತೀರಿಕೊಂಡಳು, ಅಣ್ಣ ಥಾಯ್ಲೆಂಡಿನ ಮೀನಿನ ಹಡಗಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನು ಬಿಟ್ಟುಹೋದ ಮೂರು ವರ್ಷದ ಮಗಳು ಥಿರಿಯನ್ನು ಥೇಂಗಿಯೇ ಸಾಕಿದಳು. ಈಗ ಥಿರಿಗೆ ಇಪ್ಪತ್ತೆರಡು.

ಮದುವೆ ಯಾಕಾಗಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಕಥೆ. ಥೇಂಗಿಗೆ ಇಪ್ಪತ್ತನಾಲ್ಕಾಗಿದ್ದಾಗ ಔಂಗ್ ಲ್ವಿನ್ ಎಂಬ ಹುಡುಗನ ಜೊತೆ ಮಾತಾಗಿತ್ತು. ದೋಣಿ ಕಟ್ಟುವವರ ಮನೆಯವನು. ಎರಡು ವರ್ಷ ಅವನು ದಿನಾ ಸಂಜೆ ಚುಟ್ಟದ ಸಾಲೆಯ ಮುಂದೆ ಸೈಕಲ್ಲು ನಿಲ್ಲಿಸಿಕೊಂಡು ಕಾದಿದ್ದ. ನಿಶ್ಚಿತಾರ್ಥದ ಸಿಹಿ ಹಂಚುವುದೊಂದು ಬಾಕಿ ಎನ್ನುವಷ್ಟರಲ್ಲಿ ಅವನ ತಾಯಿ ಬಾಳೆಗೊನೆ ಹಿಡಿದುಕೊಂಡು ಬಂದು, ಥೇಂಗಿಯ ತಾಯಿಯ ಕೈ ಹಿಡಿದು ಕಣ್ಣೀರು ಹಾಕಿದಳು. ಹುಡುಗ ಭಾನುವಾರದವನು ಎಂದುಕೊಂಡಿದ್ದೆವಲ್ಲ, ತಪ್ಪಾಗಿತ್ತಂತೆ. ಹುಟ್ಟಿದ್ದು ಬೆಳಗಿನ ಜಾವ, ಗಳಿಗೆ ಲೆಕ್ಕ ಹಾಕಿಸಿ ನೋಡಿದರೆ ಸೋಮವಾರವಂತೆ. ಇನ್ನು ಹೇಳುವುದೇನಿದೆ? ಶುಕ್ರವಾರದ ಹೆಣ್ಣು, ಸೋಮವಾರದ ಗಂಡು ಕೂಡಿದರೆ ಇಬ್ಬರಲ್ಲೊಬ್ಬರು ಬೇಗ ಹೋಗುತ್ತಾರೆ ಎಂಬುದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಎರಡೂ ಮನೆಯವರು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡು, ಬಾಳೆಹಣ್ಣು ತಿಂದು, ಮಾತು ಮುರಿದರು. ಒಂದು ಕೆಟ್ಟ ಮಾತಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಔಂಗ್ ಲ್ವಿನ್ ಯಾಂಗೋನಿಗೆ ಹೋದ. ಥೇಂಗಿ ಆಮೇಲೆ ಬಂದ ಎರಡು ಸಂಬಂಧಗಳನ್ನೂ ಬೇಡ ಎಂದಳು. ಹುಟ್ಟಿದ ವಾರಕ್ಕೊಂದು ಮೂಲೆಯಿರುವ ಊರ ಗುಡಿಯಲ್ಲಿ, ಸೋಮವಾರದವರ ಹುಲಿಯ ಮೂರ್ತಿಯ ಮುಂದೆ, ವಾರಕ್ಕೊಂದು ಮೇಣದಬತ್ತಿ ಹಚ್ಚುವುದನ್ನು ಮಾತ್ರ ತಪ್ಪಿಸಲಿಲ್ಲ. ತನ್ನ ದಿನದ ಕೇಡು ಅವನ ಆಯುಸ್ಸಿಗೆ ತಟ್ಟದಿರಲಿ ಎಂದು.

ಈಗ ಥಿರಿ. ಅವಳೂ ಶುಕ್ರವಾರದವಳು. ಹೊಳೆಯಾಚೆಯ ಹಳ್ಳಿಯಲ್ಲಿ ಬೈಕು ರಿಪೇರಿ ಮಾಡುವ ಖಾನ್ ಸೋ ಎಂಬ ಹುಡುಗನನ್ನು ಮೆಚ್ಚಿದ್ದಳು. ಅವನು ಸೋಮವಾರದವನು. ಅದರಲ್ಲಿ ಅನುಮಾನವೇ ಇಲ್ಲ, ಆಸ್ಪತ್ರೆಯ ಚೀಟಿಯೇ ಇದೆ. ಥೇಂಗಿ ಆಗುವುದಿಲ್ಲ ಎಂದಳು. ಥಿರಿ ಮೂರು ತಿಂಗಳು ಅತ್ತಳು. ಕೊನೆಗೆ ಥೇಂಗಿ, ಶ್ವೆಡಗೋನಿನ ಮೆಟ್ಟಿಲ ಮೇಲೆ ಕೂರುವ ಜ್ಯೋತಿಷಿಯನ್ನೇ ಕೇಳಿ ಫೋನು ಮಾಡುತ್ತೇನೆ, ಅವನು ಹೇಳಿದ ಮೇಲೆ ಚಕಾರ ಎತ್ತಬಾರದು ಎಂದಳು. ಥಿರಿ ಒಪ್ಪಿದಳು. ಇವರು ಯಾಂಗೋನಿಗೆ ಬಂದ ಭಾನುವಾರವೇ ಸಂಜೆ ಐದಕ್ಕೆ ಹುಡುಗ ದೋಣಿಯಲ್ಲಿ ಈಚೆಗೆ ಬರುವವನಿದ್ದ. ಹೂಂ ಅಥವಾ ಉಹೂಂ, ಅವತ್ತೇ ಅವನಿಗೆ ಹೇಳುವುದೆಂದು ತೀರ್ಮಾನವಾಗಿತ್ತು.

ಊರ ನಡುವೆ ಇಳಿದು ಮೂವರೂ ನಡೆದರು. ಓನ್ ಚಿಗೆ ಎಲ್ಲವೂ ಚೆಂದ. ಆರಂತಸ್ತಿನ ಹಳೇ ಮನೆಗಳ ಬಾಲ್ಕನಿಗಳಿಂದ ಬೀದಿಯವರೆಗೂ ಹಗ್ಗ ಇಳಿಬಿಟ್ಟಿದ್ದರು, ತುದಿಗೊಂದು ಕ್ಲಿಪ್ಪು, ಮೇಲೊಂದು ಗಂಟೆ. ಪೇಪರಿನವನು ಕೆಳಗೆ ಪೇಪರು ಸಿಕ್ಕಿಸಿ ಹಗ್ಗ ಜಗ್ಗಿದರೆ ಮೇಲಿನವರು ಎಳೆದುಕೊಳ್ಳುತ್ತಾರೆ. ಎಂಥಾ ಬುದ್ಧಿ ನೋಡೇ ಎಂದಳು ಓನ್ ಚಿ. ಥೇಂಗಿಗೆ ಕಂಡದ್ದು ಬೇರೆ. ಇಲ್ಲಿನವರಿಗೆ ಬಾಗಿಲಿಗೆ ಬಂದವನ ಮುಖ ನೋಡುವ ಕಷ್ಟವೂ ಬೇಡ, ಹಗ್ಗ ಬಿಟ್ಟರೆ ಮುಗಿಯಿತು. ಕಾಲುದಾರಿಯ ತುಂಬ ಎಲೆಯಡಿಕೆ ಉಗಿದ ಕೆಂಪು. ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಚಹಾ ಕುಡಿಯುವ ಗಂಡಸರು ಎದ್ದು ದಾರಿ ಬಿಡುವವರಲ್ಲ. ಪ್ಯೋನ್‌ಳ ಲುಂಗಿಯ ಅಂಚಿಗೆ ಯಾರದೋ ಮೀನಿನ ಸಾರು ಚೆಲ್ಲಿತು. ಪರವಾಗಿಲ್ಲ ಬಿಡಿ ಎಂದು ಪ್ಯೋನ್ ಚೆಲ್ಲಿದವನಿಗೇ ಸಮಾಧಾನ ಹೇಳಿದಳು. ಅದಕ್ಕೂ ಥೇಂಗಿಗೆ ರೇಗಿತು.

ಮಧ್ಯಾಹ್ನ ಶ್ವೆಡಗೋನಿನ ಮೆಟ್ಟಿಲು ಹತ್ತಿದರು. ಚಪ್ಪಲಿ ಕೈಚೀಲಕ್ಕೆ ಸೇರಿತು. ಎರಡೂ ಕಡೆ ಹೂವಿನ ಅಂಗಡಿ, ಬೊಂಬೆಯಂಗಡಿ, ನಡುವೆ ಒಂದು ಮೇಜು ಹಾಕಿಕೊಂಡ ಜ್ಯೋತಿಷಿ. ಕನ್ನಡಕದ ಮುದುಕ, ಮಾತು ಜೇನು. ಥೇಂಗಿ ಕೇಳಿದ ರೀತಿಯಾದರೂ ಎಂಥದು? ಶುಕ್ರವಾರದ ಹುಡುಗಿ, ಸೋಮವಾರದ ಹುಡುಗ, ಆಗಿಬರಲ್ಲ ಅಲ್ವಾ ಸಯಾ, ಗುರುಗಳೇ, ಎಂದು, ಉತ್ತರವನ್ನು ತಾನೇ ಕಟ್ಟಿ ಅವನ ಕೈಗಿಟ್ಟಳು. ಮುದುಕ ಅವಳ ಮುಖ ನೋಡಿದ. ಕಷ್ಟ ತಾಯಿ ಎಂದ. ಆಮೇಲೆ, ಪರಿಹಾರವಿಲ್ಲದ್ದು ಯಾವುದೂ ಇಲ್ಲ, ಒಂಬತ್ತು ದಿನ ಇಂಥಿಂಥ ಪೂಜೆ, ಎಂದು ಕಾಗದ ಎಳೆದುಕೊಂಡ. ಅದೆಲ್ಲ ಬೇಡ ಎಂದು ಥೇಂಗಿ ಎದ್ದೇಬಿಟ್ಟಳು. ಪ್ಯೋನ್ ಪಕ್ಕದಲ್ಲೇ ನಿಂತಿದ್ದಳು.

ಅಲ್ಲೇ ಕಂಬದ ಮರೆಯಲ್ಲಿ ನಿಂತು ಊರಿಗೆ ಫೋನು ಮಾಡಿದಳು. ಆಗಲ್ಲ ಅಂದ್ರು ಮಗಳೇ, ಯಾರ ತಪ್ಪೂ ಅಲ್ಲ, ದಿನಾನೇ ಹಂಗಿದೆ ಎಂದಳು. ಆ ಕಡೆಯಿಂದ ಥಿರಿ ತಣ್ಣಗೆ, ಸರಿ ಅತ್ತೆ, ಐದಕ್ಕೆ ಬಂದಾಗ ಹೇಳ್ತೀನಿ ಎಂದು ಇಟ್ಟುಬಿಟ್ಟಳು. ಥೇಂಗಿಗೆ ಗೆದ್ದ ಹಾಗಾಯಿತು, ಆದರೂ ಫೋನನ್ನು ಚೀಲಕ್ಕೆ ಹಾಕಿ ಮತ್ತೆ ತೆಗೆದು ನೋಡಿದಳು.

ಮೇಲಿನ ಅಂಗಳದ ಅಮೃತಶಿಲೆ ಬಿಸಿಲಿಗೆ ಕಾದ ಹೆಂಚಾಗಿತ್ತು. ಹಾಸಿದ್ದ ಚಾಪೆಯ ಮೇಲೆ ಕುಣಿಯುತ್ತ ಓಡಬೇಕು, ಇಲ್ಲದಿದ್ದರೆ ಅಂಗಾಲು ಬೊಬ್ಬೆ. ಗೋಪುರದ ಸುತ್ತ ಎಂಟು ಮೂಲೆ, ಒಂದೊಂದು ವಾರಕ್ಕೆ ಒಂದೊಂದು ಮೂರ್ತಿ, ಬುಧವಾರಕ್ಕೆ ಮಾತ್ರ ಎರಡು. ಹುಟ್ಟಿದ ವಾರದ ಮೂಲೆಯಲ್ಲಿ ನಿಂತು, ವಯಸ್ಸಿಗಿಂತ ಒಂದು ಹೆಚ್ಚು ಬಟ್ಟಲು ನೀರು ಹೊಯ್ಯಬೇಕು. ಬೇರೆಯವರ ಮೂಲೆಗೆ ಹೋಗಿ ಯಾರೂ ಹೊಯ್ಯುವುದಿಲ್ಲ. ಥೇಂಗಿ ಶುಕ್ರವಾರದ ಬಾಲವಿಲ್ಲದ ಇಲಿಯ ಮುಂದೆ ನಲವತ್ತೆಂಟು ಬಟ್ಟಲು ಹೊಯ್ದಳು. ಓನ್ ಚಿ ಭಾನುವಾರದವಳು, ಅವಳ ಗರುಡನ ಮೂಲೆ ಪಕ್ಕದಲ್ಲೇ ಇತ್ತು. ಅವತ್ತು ಭಾನುವಾರವಾದ್ದರಿಂದ ಆ ವಾರದವರೆಲ್ಲ ಅಲ್ಲೇ ಸೇರಿದ್ದರು, ಸಾಲು ಬೆಳೆದಿತ್ತು.

ಸಾಲಿನಲ್ಲಿ ನಿಂತ ಓನ್ ಚಿ ಇದ್ದಕ್ಕಿದ್ದಂತೆ ಹಿಂದೆ ತಿರುಗಿ ಬಂದಳು. ಜನ ಜಾಸ್ತಿ, ಆಮೇಲೆ ಬರೋಣ ಎಂದು ಥೇಂಗಿಯ ರಟ್ಟೆ ಹಿಡಿದು ಎಳೆದಳು. ಆರು ಗಂಟೆ ಬಸ್ಸಿನಲ್ಲಿ ಬಂದು ನಾಲ್ಕು ಜನರ ಸಾಲಿಗೆ ಹೆದರುವ ಹೆಂಗಸಲ್ಲ ಅವಳು. ಥೇಂಗಿ ಅವಳ ಭುಜದ ಮೇಲಿಂದ ನೋಡಿದಳು. ಗರುಡನ ಮುಂದೆ ಒಬ್ಬ ದಪ್ಪ ಗಂಡಸು, ರೇಷ್ಮೆ ಲುಂಗಿ, ಬೆಳ್ಳಿ ಬಟ್ಟಲು, ಬಾಯಲ್ಲಿ ಎಣಿಸುತ್ತ ನೀರು ಹೊಯ್ಯುತ್ತಿದ್ದ. ಮುಖ ಗುರುತು ಸಿಗಲಿಲ್ಲ. ಎಡಗಿವಿಯ ಹಾಲೆ ಹರಿದಿತ್ತು. ಚಿಕ್ಕಂದಿನಲ್ಲಿ ನಾಯಿ ಕಚ್ಚಿದ್ದು ಎಂದು ಆ ಕಿವಿಯ ಕಥೆಯನ್ನು ಅವಳು ಎರಡು ವರ್ಷ ಕೇಳಿದ್ದಳು.

ಸೋಮವಾರದವನಿಗೆ ಭಾನುವಾರದ ಮೂಲೆಯಲ್ಲಿ ಏನು ಕೆಲಸ? ಅವಳು ನಿಂತಲ್ಲೇ ನಿಂತಳು. ಅವನು ಎಣಿಸುವುದು ಕೇಳುತ್ತಿತ್ತು. ನಲವತ್ತೆಂಟು, ನಲವತ್ತೊಂಬತ್ತು, ಐವತ್ತು. ವಯಸ್ಸಿನ ಲೆಕ್ಕವೂ ಸರಿಯಾಗಿತ್ತು. ತಡವರಿಕೆಯಿಲ್ಲ, ಪ್ರತಿವಾರ ಬಂದು ಅಭ್ಯಾಸವಾದವನ ಕೈ ಅದು. ತಾಯಿ ಹೇಳಿದ್ದನ್ನು ಇವನು ಒಂದು ದಿನವೂ ನಂಬಿದವನಲ್ಲ. ಥೇಂಗಿಯ ಕಾಲಡಿಯ ಕಲ್ಲು ಸುಡುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ.

“ಔಂಗ್ ಲ್ವಿನ್,” ಎಂದಳು. ಹೆಸರಿಗೆ ಮರ್ಯಾದೆಯ ಮಾತೇನನ್ನೂ ಸೇರಿಸಲಿಲ್ಲ.

ಅವನು ಗಿರಾಕಿಯನ್ನು ನೋಡಿ ನಗುವವನಂತೆ ನಗುತ್ತ ತಿರುಗಿದ. ಆಮೇಲೆ ನಗು ಹಾಗೇ ನಿಂತಿತು.

“ಇದು ಭಾನುವಾರದ ಮೂಲೆ,” ಎಂದಳು ಥೇಂಗಿ. “ನಿನ್ನ ಹುಲಿ ಆ ಕಡೆ ಇದೆ. ದಾರಿ ತಪ್ಪಿದ್ಯಾ?”

“ಥೇಂಗಿ... ಅಮ್ಮ ಹೋಗಿ ಎಂಟು ವರ್ಷ ಆಯ್ತು.”

“ನಿಮ್ಮಮ್ಮನ ವಿಷ್ಯ ಕೇಳ್ಲಿಲ್ಲ. ನೀನು ಹುಟ್ಟಿದ್ದು ಯಾವತ್ತು?”

ಸಾಲಿನಲ್ಲಿದ್ದವರು ನೋಡತೊಡಗಿದರು. ದೂರದ ಮಂಟಪದ ನೆರಳಿನಲ್ಲಿ ಕೂತಿದ್ದ ಅವನ ಹೆಂಡತಿ ಕೊಡೆ ಮಡಚಿಕೊಂಡು ಎದ್ದು ನಿಂತಳು. ಅವನು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಭಾನುವಾರ, ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಯಾಂಗೋನಿನಲ್ಲಿ ಅಂಗಡಿಯಿದ್ದ ಮನೆಯ ಹುಡುಗಿಯನ್ನು ಅಮ್ಮ ನೋಡಿದ್ದಳು, ಅವನೂ ಒಪ್ಪಿದ್ದ. ಎರಡು ವರ್ಷ ಯಾರಿಗಾಗಿ ಕಾದಿದ್ದನೋ ಅವಳ ಎದುರು ಬಂದು ಬೇಡ ಎನ್ನುವುದು ಹೇಗೆ?

“ನಿಂಗೆ ನೋವಾಗ್ಬಾರ್ದು ಅಂತ ಹಂಗೆ ಹೇಳಿದ್ದು ಥೇಂಗಿ. ಬೇಡ ಅಂದ್ರೆ ನಿಂಗೇ ಅವಮಾನ. ದಿನ ಕೂಡಿಬರ್ಲಿಲ್ಲ ಅಂದ್ರೆ ಯಾರ ತಪ್ಪೂ ಅಲ್ವಲ್ಲ.”

ದಾಕ್ಷಿಣ್ಯ! ನಮ್ಮ ಜನರಿಗೆ ದಾಕ್ಷಿಣ್ಯವೊಂದಿದ್ದರೆ ಸಾಕು, ಅನ್ನವೂ ಬೇಡ. ಕೊಲ್ಲುವಾಗಲೂ ಕತ್ತಿ ತಣ್ಣಗಿದೆಯಾ ತಾಯಿ, ಬೆಚ್ಚಗೆ ಮಾಡಿಕೊಡಲಾ ಎಂದು ಕೇಳುವ ಜನ. ಥೇಂಗಿಯ ಬಾಯಿಂದ ಬಯ್ಗುಳ ಬರುತ್ತದೆಂದು ಓನ್ ಚಿ ಕಣ್ಣು ಮುಚ್ಚಿಕೊಂಡಳು. ಬಂದದ್ದು ಬಯ್ಗುಳವಲ್ಲ.

“ಬೇಡ ಅಂದಿದ್ರೆ ಮೂರು ದಿನ ಅಳ್ತಿದ್ದೆ. ನಾಲ್ಕನೇ ದಿನ ನಿನಗಿಂತ ಒಳ್ಳೆಯವನನ್ನ ನೋಡ್ಕೊಳ್ತಿದ್ದೆ. ಇಪ್ಪತ್ತೊಂದು ವರ್ಷ, ಔಂಗ್ ಲ್ವಿನ್, ವಾರಕ್ಕೊಂದು ಮೇಣದಬತ್ತಿ ಹಚ್ಚಿದ್ದೀನಿ ಹುಲಿ ಮುಂದೆ. ನೀನು ಬದುಕ್ಲಿ ಅಂತ. ನನ್ನಿಂದ ನಿಂಗೇನೂ ಆಗ್ದೇ ಇರ್ಲಿ ಅಂತ.”

ಅವನು ಬಾಯಿ ತೆರೆದ. ಕ್ಷಮಿಸು ಎಂದನೋ ಏನೋ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಸುಡುವ ಕಲ್ಲಿನ ಮೇಲೇ ನೇರ ನಡೆದು, ಅಂಗಳದ ಅಂಚಿನ ಒಂದು ಮಂಟಪದೊಳಗೆ ಹೋಗಿ ಗೋಡೆಗೊರಗಿ ಕೂತಳು. ಗೆಳತಿಯರು ಓಡುತ್ತ ಬಂದರು. ಪ್ಯೋನ್ ಬಾಟಲಿಯ ನೀರನ್ನು ಅವಳ ಅಂಗಾಲಿಗೆ ಸುರಿಯತೊಡಗಿದಳು.

“ನಿನಗೆ ಗೊತ್ತಿತ್ತು,” ಎಂದಳು ಥೇಂಗಿ ಓನ್ ಚಿಯ ಮುಖ ನೋಡಿ. “ಅದಕ್ಕೇ ನನ್ನ ಎಳ್ಕೊಂಡು ಹೋಗ್ತಿದ್ದೆ.”

ಓನ್ ಚಿ ಸುಳ್ಳು ಹೇಳಲು ನೋಡಿದಳು, ಆಗಲಿಲ್ಲ. ಅವನ ಮದುವೆಯ ಸುದ್ದಿ ಆರೇ ತಿಂಗಳಿಗೆ ಊರಿಗೆ ಬಂದಿತ್ತಂತೆ. ಸೂಲಗಿತ್ತಿ ಮುದುಕಿ, ಆ ಹುಡುಗ ಭಾನುವಾರ ಮಟಮಟ ಮಧ್ಯಾಹ್ನ ಹುಟ್ಟಿದ್ದು, ನನ್ನ ಕೈಯಲ್ಲೇ, ಎಂದು ಸಾಲೆಯ ಹಿಂದೆ ಹೇಳಿದ್ದಳಂತೆ. ಊರಿಗೆಲ್ಲ ಗೊತ್ತಿತ್ತು. ಮೇಣದಬತ್ತಿ ಮಾರುವವಳಿಗೂ ಗೊತ್ತಿತ್ತು. ಹೇಳಿದರೆ ಥೇಂಗಿಗೆ ಬೇಜಾರಾಗುತ್ತದೆಂದು ಯಾರೂ ಹೇಳಲಿಲ್ಲ. ವರ್ಷ ಕಳೆದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು, ಅಷ್ಟೆ.

ಥೇಂಗಿಗೆ ಆಗ ಬಂದ ಸಿಟ್ಟು ಔಂಗ್ ಲ್ವಿನ್ ಮೇಲೂ ಬಂದಿರಲಿಲ್ಲ. ಮೂವತ್ತು ವರ್ಷ ಒಂದೇ ಚಾಪೆ, ಒಂದೇ ಡಬ್ಬಿಯ ಊಟ. ಇವರು ತನ್ನ ಪಕ್ಕದಲ್ಲಿ ಕೂತು, ತಾನು ಸೋಮವಾರ ಬೇಗ ಎದ್ದು ಗುಡಿಗೆ ಹೋಗುವುದನ್ನು ನೋಡುತ್ತ, ಬಾಯಿಗೆ ಬೀಗ ಹಾಕಿಕೊಂಡು ಚುಟ್ಟ ಸುತ್ತಿದವರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತಾರೆ. ಇವರು ಬಸಿರಾದದ್ದನ್ನು ಇವಳು ಹೊತ್ತಿದ್ದಳು.

“ಇನ್ನೇನಿದೆ?” ಎಂದಳು. “ನಂಗೆ ಬೇಜಾರಾಗುತ್ತೆ ಅಂತ ಹೊಟ್ಟೇಲಿ ಇಟ್ಕೊಂಡಿರೋದು ಇನ್ನೇನಿದೆ? ಇವತ್ತು ಎಲ್ಲಾ ಕಕ್ಕಿಬಿಡಿ.”

ಓನ್ ಚಿ ತಲೆಯಲ್ಲಾಡಿಸಿದಳು. ಪ್ಯೋನ್ ನೀರು ಸುರಿಯುವುದನ್ನು ನಿಲ್ಲಿಸಿದಳು. ಮೂವತ್ತು ವರ್ಷದಲ್ಲಿ ಯಾರಿಗೂ ಎದುರು ಮಾತಾಡದವಳು, ತಲೆ ಎತ್ತದೆಯೇ ಹೇಳಿದಳು.

“ಒಂದಿದೆ ಅಕ್ಕಾ. ಆ ಸಯಾ ಪರಿಹಾರ ಇದೆ ಅಂದ್ರು. ನೀನು ಥಿರಿಗೆ ಅದನ್ನ ಹೇಳ್ಲಿಲ್ಲ. ಯಾರ ತಪ್ಪೂ ಅಲ್ಲ, ದಿನ ಹಂಗಿದೆ ಅಂದೆ. ಅವನು ಈಗ ಅಂದನಲ್ಲ, ಅದೇ ಮಾತು.”

ಥೇಂಗಿಯ ಕೈ ಎದ್ದಿತು. ಹೊಡೆದೇಬಿಡುತ್ತಾಳೆ ಎಂದುಕೊಂಡಳು ಓನ್ ಚಿ. ಕೈ ಎದ್ದಲ್ಲೇ ಸ್ವಲ್ಪ ಹೊತ್ತಿದ್ದು, ಇಳಿದು, ಚೀಲದೊಳಗೆ ಫೋನು ಹುಡುಕಿತು. ಗಂಟೆ ನಾಲ್ಕೂವರೆ ಆಗಿತ್ತು. ಮೊದಲ ಸಲ ಥಿರಿ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಳು, ದೋಣಿಕಟ್ಟೆಯ ಗದ್ದಲ ಕೇಳುತ್ತಿತ್ತು.

“ಬಂದ್ನಾ ಅವನು?”

“ಇನ್ನೂ ಇಲ್ಲ. ದೋಣಿ ನಡುಹೊಳೇಲಿದೆ. ಯಾಕತ್ತೆ?”

“ಹೇಳ್ಬೇಡ. ನಾನು ಹೇಳೋದು ಮೊದಲು ಕೇಳು,” ಎಂದಳು ಥೇಂಗಿ. ಅಷ್ಟು ದೊಡ್ಡ ಬಾಯಿಯ ಹೆಂಗಸು ಎರಡು ಸಲ ಶುರುಮಾಡಿ ಎರಡು ಸಲ ನಿಲ್ಲಿಸಿದಳು. “ದಿನಾನೂ ಇಲ್ಲ, ಗಿನಾನೂ ಇಲ್ಲ. ಆ ಮುದುಕ ಪರಿಹಾರ ಇದೆ ಅಂದ, ನಾನೇ ಮುಚ್ಚಿಟ್ಟೆ. ನೀನು ಹೊಳೆಯಾಚೆ ಹೋದ್ರೆ ನಾನೊಬ್ಬಳೇ ಆಗ್ತೀನಿ. ಒಬ್ಬಳಿಗೇ ಅಂತ ಅನ್ನ ಬೇಯಿಸ್ಕೊಂಡು ತಿನ್ನೋಕೆ ನಂಗಾಗಲ್ಲ. ಅದಕ್ಕೆ ಬೇಡ ಅಂದೆ. ಅಷ್ಟೇ ಕಾರಣ, ಬೇರೆ ಯಾವ್ದೂ ಇಲ್ಲ.”

ಆ ಕಡೆ ಯಾರೋ ಕೂಲಿಯಾಳನ್ನು ಕರೆಯುತ್ತಿದ್ದರು. ಥಿರಿ ಅಳುತ್ತಾಳೆ, ಇಲ್ಲವೇ ಪರವಾಗಿಲ್ಲ ಅತ್ತೆ ಎನ್ನುತ್ತಾಳೆ ಎಂದು ಥೇಂಗಿ ಕಾದಳು. ಪರವಾಗಿಲ್ಲ ಎಂದರೆ ಏನು ಮಾಡುವುದೆಂದು ಅವಳಿಗೆ ಭಯವಾಯಿತು.

“ಮೂರು ತಿಂಗಳು,” ಎಂದಳು ಥಿರಿ. ದನಿ ನಡುಗುತ್ತಿದ್ದದ್ದು ಅಳುವಿನಿಂದಲ್ಲ. “ಮೂರು ತಿಂಗಳು ನಾನು ಹುಟ್ಟಿದ ದಿನಾನ ಶಪಿಸ್ಕೊಂಡು ಮಲಗಿದ್ದೀನಿ. ಇದನ್ನ ಮೊದ್ಲೇ ಹೇಳಿದ್ರೆ ನಿನ್ನ ಜೊತೆ ಜಗಳ ಆಡ್ತಿದ್ದೆ ಅತ್ತೆ. ವಾರದ ಜೊತೆ ಹೆಂಗೆ ಜಗಳ ಆಡ್ಲಿ?”

“ಈಗ ಆಡು,” ಎಂದಳು ಥೇಂಗಿ.

ಥಿರಿ ಆಡಿದಳು. ಶುಕ್ರವಾರದವಳಲ್ಲವೇ, ಅವಳಿಗೂ ಬಾಯಿತ್ತು. ಮೋಸಗಾತಿ ಎಂದಳು, ಸ್ವಾರ್ಥಿ ಎಂದಳು, ನನ್ನ ಬಾಳು ನಿನ್ನ ಅನ್ನದ ಪಾತ್ರೆಯಾ ಎಂದಳು. ದೋಣಿ ದಡಕ್ಕೆ ಬಂತು, ಅವನು ಇಳಿದ, ಅವನು ನೋಡ್ತಾ ಇದ್ದಾನೆ, ನೋಡ್ಲಿ, ಎಂದು ಮತ್ತೆ ಶುರುಮಾಡಿದಳು. ದನಿ ಎಷ್ಟು ಜೋರಿತ್ತೆಂದರೆ ಪಕ್ಕದಲ್ಲಿ ಕೂತ ಗೆಳತಿಯರಿಗೂ ಒಂದೊಂದು ಮಾತೂ ಕೇಳುತ್ತಿತ್ತು. ಇಬ್ಬರೂ ಎದ್ದು ದೂರ ಹೋಗಲು ನೋಡಿದರು. ಥೇಂಗಿ ಕೈಸನ್ನೆ ಮಾಡಿ ಅವರನ್ನು ಅಲ್ಲೇ ಕೂರಿಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡಳು.